ನವೋದಯ ಪರೀಕ್ಷೆಗೆ ಐದನೇ ತರಗತಿಯ ಮಕ್ಕಳನ್ನು ಸಿದ್ಧ ಮಾಡುವುದು: ನನ್ನ ಅನುಭವ

ಸೊರಬ ತಾಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಗಣಿತ ಮೇಷ್ಟ್ರು. ಜವಾಹರ್ ನವೋದಯ ವಿದ್ಯಾಲಯ ಅಂದರೆ ಕೇಂದ್ರ ಸರ್ಕಾರದ ವಸತಿ ಶಾಲೆ. ಅದರ ಆರನೇ ತರಗತಿ ಪ್ರವೇಶ ಪರೀಕ್ಷೆಗೆ ನಮ್ಮ ಐದನೇ ತರಗತಿಯ ಮಕ್ಕಳನ್ನು ಸಿದ್ಧ ಮಾಡುವ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಪಾಠ ಹೇಳಿಕೊಡುವುದು ಈ ಕೆಲಸದ ಅರ್ಧ ಭಾಗ ಅಷ್ಟೆ. ಓದಿನಲ್ಲಿ ಮುಂದಿರುವ ಹತ್ತು ವರ್ಷದ ಮಗುವಿನ ಮೇಲೆ ಮನೆಯವರು, ಊರಿನವರು, ನಾವು ಶಿಕ್ಷಕರು ಎಲ್ಲರೂ ಸೇರಿ ಹೊರಿಸುವ ಭಾರವನ್ನು ಕಡಿಮೆ ಮಾಡುವುದು ಇನ್ನರ್ಧ. ಅದಕ್ಕೆ ಗೈಡ್ ಇಲ್ಲ. ಹಾಗಾಗಿ ನಾನು ಏನು ಮಾಡುತ್ತೇನೆ ಅಂತ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಪೋಷಕರ ಮೊದಲ ಸಭೆಯಲ್ಲೂ ಇದನ್ನೇ ಬೋರ್ಡಿನ ಮೇಲೆ ಬರೆಯುವುದು. ಶಿವಮೊಗ್ಗ ಜಿಲ್ಲೆಯ ನವೋದಯ ಇರುವುದು ಗಾಜನೂರಿನಲ್ಲಿ, ತುಂಗಾ ಅಣೆಕಟ್ಟಿನ ಊರು. ಆರನೇ ತರಗತಿಗೆ ಹೆಚ್ಚೆಂದರೆ 80 ಸೀಟು. ಅದರಲ್ಲಿ ಕನಿಷ್ಠ ಶೇಕಡಾ 75 ಗ್ರಾಮೀಣ ಮಕ್ಕಳಿಗೆ, ಅಂದರೆ 60. ಜಿಲ್ಲೆಯಲ್ಲಿ ಏಳು ತಾಲೂಕು. ಸರಾಸರಿ ಹಿಡಿದರೆ ಒಂದು ತಾಲೂಕಿನ ಹಳ್ಳಿ ಮಕ್ಕಳಿಗೆ ಎಂಟೊಂಬತ್ತು ಸೀಟು. ಒಟ್ಟು ಸೀಟಿನಲ್ಲಿ ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ. ಇನ್ನು, ಈ ಪರೀಕ್ಷೆಯನ್ನು ಒಂದು ಮಗು ಒಂದೇ ಸಲ ಬರೆಯಬಹುದು. ಮುಂದಿನ ವರ್ಷ ಇನ್ನೊಮ್ಮೆ ನೋಡೋಣ ಅನ್ನುವ ಹಾಗಿಲ್ಲ.

ಇಷ್ಟು ಬರೆದು ನಾನು ಸುಮ್ಮನೆ ನಿಲ್ಲುತ್ತೇನೆ. ಪೋಷಕರು ತಾವೇ ಲೆಕ್ಕ ಹಾಕಿಕೊಳ್ಳುತ್ತಾರೆ. ನಮ್ಮ ತಾಲೂಕಿನಲ್ಲಿ ಎಷ್ಟು ಶಾಲೆಗಳಿವೆ, ಪ್ರತಿ ಶಾಲೆಯಲ್ಲೂ ಜಾಣ ಮಗು ಅನ್ನಿಸಿಕೊಂಡವರು ಎಷ್ಟು ಜನ ಅಂತ. ಸೀಟು ಸಿಗದಿದ್ದರೆ ಮಗು ದಡ್ಡ ಅಂತ ಅರ್ಥವಲ್ಲ ಎಂದು ಪರೀಕ್ಷೆ ಮುಗಿದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ, ಸಮಾಧಾನಕ್ಕೆ ಹೇಳ್ತಾರೆ ಅಂದುಕೊಳ್ಳುತ್ತಾರೆ. ಮಳೆಗಾಲದಲ್ಲಿ, ಅರ್ಜಿ ಹಾಕುವ ಮೊದಲೇ ಹೇಳಿದರೆ ತಲೆಯಲ್ಲಿ ಉಳಿಯುತ್ತದೆ.

ಎರಡನೆಯದಾಗಿ, ನವೋದಯ ತರಗತಿಗೆ ನಾನು ಮಕ್ಕಳನ್ನು ಆರಿಸುವುದಿಲ್ಲ. ಐದನೇ ತರಗತಿಯ ಎಲ್ಲರೂ ಕೂರುತ್ತಾರೆ. ವಾರಕ್ಕೆ ನಾಲ್ಕು ಸಂಜೆ, ಮುಕ್ಕಾಲು ಗಂಟೆ. ಅದಕ್ಕಿಂತ ಜಾಸ್ತಿ ಇಲ್ಲ. ಸಹೋದ್ಯೋಗಿಗಳು ಒಮ್ಮೆ, "ಚುರುಕಿರುವ ನಾಲ್ಕೈದು ಮಕ್ಕಳನ್ನೇ ಹಿಡಿದು ತಯಾರು ಮಾಡಿದ್ರೆ ರಿಸಲ್ಟ್ ಬರುತ್ತಲ್ಲ ಸರ್" ಅಂದರು. ಬರಬಹುದು. ಆದರೆ ಆ ನಾಲ್ಕೈದು ಮಕ್ಕಳನ್ನು ಬೇರೆ ಕೂರಿಸಿದ ದಿನದಿಂದಲೇ ಅವರ ಮೇಲೆ ಇಡೀ ಶಾಲೆಯ ಕಣ್ಣು. ಉಳಿದವರಿಗೆ ನಾವು ಲೆಕ್ಕಕ್ಕಿಲ್ಲ ಅನ್ನುವ ಭಾವನೆ. ಎರಡೂ ನನಗೆ ಬೇಡ. ಅದೂ ಅಲ್ಲದೆ ಪರೀಕ್ಷೆಯಲ್ಲಿ ಕೇಳುವುದೆಲ್ಲ ಪ್ರತಿ ಮಗುವಿಗೂ ಬೇಕಾದದ್ದೇ.

ಪತ್ರಿಕೆ ಹೀಗಿರುತ್ತದೆ. ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಒಂದು ಪ್ರಶ್ನೆಗೆ ಒಂದೂಕಾಲು ಅಂಕ. ಮಾನಸಿಕ ಸಾಮರ್ಥ್ಯಕ್ಕೆ 40 ಪ್ರಶ್ನೆ, ಅಂಕಗಣಿತಕ್ಕೆ 20, ಭಾಷೆಗೆ 20. ಕನ್ನಡದಲ್ಲೇ ಬರೆಯಬಹುದು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ.

ಅರ್ಧದಷ್ಟು ಅಂಕ ಇರುವ ಮಾನಸಿಕ ಸಾಮರ್ಥ್ಯದ ಭಾಗ ನನಗೆ ತುಂಬಾ ಇಷ್ಟ. ಎಲ್ಲವೂ ಚಿತ್ರಗಳು. ಗುಂಪಿಗೆ ಸೇರದ್ದನ್ನು ಹುಡುಕುವುದು, ಅರ್ಧ ಬಿಟ್ಟ ವಿನ್ಯಾಸ ಪೂರ್ತಿ ಮಾಡುವುದು, ಕನ್ನಡಿಯಲ್ಲಿ ಕಾಣುವ ರೂಪ ಗುರುತಿಸುವುದು, ಕಾಗದ ಮಡಚಿ ತೂತು ಮಾಡಿ ಬಿಚ್ಚಿದರೆ ಹೇಗೆ ಕಾಣುತ್ತದೆ ಅಂತ ಹೇಳುವುದು, ದೊಡ್ಡ ಚಿತ್ರದೊಳಗೆ ಅಡಗಿದ ಸಣ್ಣ ಚಿತ್ರ ಕಂಡುಹಿಡಿಯುವುದು. ಗೈಡ್ ಹಿಡಿದು ಇದನ್ನು ಕಲಿಸಿದರೆ ಮಕ್ಕಳು ಉತ್ತರದ ಅಕ್ಷರವನ್ನು ಬಾಯಿಪಾಠ ಮಾಡುತ್ತಾರೆ. ನಾನು ಮೊದಲ ಎರಡು ತಿಂಗಳು ಗೈಡ್ ಮುಟ್ಟಿಸುವುದೇ ಇಲ್ಲ. ಹಳೇ ನ್ಯೂಸ್ ಪೇಪರ್ ತರಿಸುತ್ತೇನೆ. ಮಡಚಿ, ತೂತು ಮಾಡಿ, ಬಿಚ್ಚುವ ಮೊದಲು ಸ್ಲೇಟಿನಲ್ಲಿ ಬರೆದು ತೋರಿಸಬೇಕು. ಆಮೇಲೆ ಬಿಚ್ಚಿ ನೋಡಬೇಕು. ಕನ್ನಡಿ ಪ್ರಶ್ನೆಗೆ ನಿಜವಾದ ಕನ್ನಡಿಯೇ. ಗೋಡೆಗೆ ಒರಗಿಸಿಟ್ಟು ತಮ್ಮ ಹೆಸರು ಬರೆದು ನೋಡುತ್ತಾರೆ.

ವಿನ್ಯಾಸ ಪೂರ್ತಿ ಮಾಡುವುದಕ್ಕೆ ನಮ್ಮ ಸೀಮೆಯಲ್ಲೇ ಒಳ್ಳೆಯ ಪಾಠ ಇದೆ. ಸೊರಬ, ಸಾಗರದ ಕಡೆ ದೀವರ ಸಮುದಾಯದ ಮನೆಗಳಲ್ಲಿ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ. ಗೆರೆಗಳು ಎರಡೂ ಕಡೆ ಸಮವಾಗಿ ಹೋಗಬೇಕು, ಒಂದು ಕಡೆ ಎಳೆದದ್ದು ಇನ್ನೊಂದು ಕಡೆಯೂ ಬರಬೇಕು. ಅಜ್ಜಿ ಬರೆಯುವುದನ್ನು ಪಕ್ಕದಲ್ಲಿ ಕೂತು ನೋಡಿದ ಹುಡುಗಿಯರು ಈ ಪ್ರಶ್ನೆಗಳನ್ನು ನನಗಿಂತ ಬೇಗ ಬಿಡಿಸುತ್ತಾರೆ. ಲೆಕ್ಕದಲ್ಲಿ ಹಿಂದೆ ಬಿದ್ದ ಮಗು ಇಲ್ಲಿ ಎಲ್ಲರಿಗಿಂತ ಮುಂದೆ ಇರುವುದುಂಟು. ಆಗ ಯಾವಾಗಲೂ ಫಸ್ಟ್ ಬರುವ ಮಗು ಅವಳ ಹತ್ತಿರ ಹೋಗಿ ಹೇಳಿಸಿಕೊಳ್ಳಬೇಕಾಗುತ್ತದೆ. ಜಾಣ ಮಗುವಿಗೆ ಇದು ತುಂಬಾ ಬೇಕಾದ ಅಭ್ಯಾಸ. ಗೊತ್ತಿಲ್ಲ ಅಂತ ಬಾಯಿಬಿಟ್ಟು ಹೇಳುವುದನ್ನು ಇಂಥ ಮಕ್ಕಳಿಗೆ ಯಾರೂ ಕಲಿಸಿರುವುದಿಲ್ಲ. ಅದಕ್ಕೇ ನಾನು ಎಲ್ಲರನ್ನೂ ಒಟ್ಟಿಗೆ ಕೂರಿಸುವುದು.

ಅಂಕಗಣಿತ ಮಾಮೂಲಿ. ಭಿನ್ನರಾಶಿ, ಲ.ಸಾ.ಅ., ಲಾಭ ನಷ್ಟ, ಸುತ್ತಳತೆ. ದಿನದ ಪಾಠವೇ ಸಾಕು. ಭಾಷೆಯಲ್ಲಿ ನಾಲ್ಕು ಗದ್ಯಭಾಗ, ಒಂದೊಂದಕ್ಕೆ ಐದು ಪ್ರಶ್ನೆ. ಶಾಲೆಯ ಲೈಬ್ರರಿ ಪುಸ್ತಕ ಓದುವ ಮಗುವಿಗೆ ಇದು ಕಷ್ಟವೇ ಅಲ್ಲ.

ಮಕ್ಕಳು ನಿಜವಾಗಿ ಹೆದರುವುದು ಓಎಂಆರ್ ಹಾಳೆಗೆ, ಅಂದರೆ ಉತ್ತರ ಗುರುತು ಮಾಡುವ ಹಾಳೆಗೆ. ಪೆನ್ಸಿಲ್ ಬಳಸುವಂತಿಲ್ಲ, ಬಾಲ್ ಪೆನ್ನಿನಲ್ಲೇ ವೃತ್ತ ತುಂಬಬೇಕು, ತುಂಬಿದ್ದನ್ನು ಬದಲಾಯಿಸುವ ಹಾಗಿಲ್ಲ. ರಬ್ಬರ್ ಹಿಡಿದೇ ಬೆಳೆದ ಮಕ್ಕಳಿಗೆ ಇದು ದೊಡ್ಡ ವಿಷಯ. ಅದರಲ್ಲೂ ತಪ್ಪೇ ಆಗಬಾರದು ಅಂದುಕೊಂಡ ಮಗು ಪೆನ್ನು ಎತ್ತಿ ಹಿಡಿದುಕೊಂಡೇ ಕೂತಿರುತ್ತದೆ, ಸಮಯ ಹೋಗುತ್ತಿರುತ್ತದೆ. ಇಂಥವರಿಗೆ ನಾನು ಹೇಳುವುದು ಒಂದೇ: "ಮಗಾ, ತಪ್ಪಿಗೆ ಅಂಕ ಕಳೆಯಲ್ಲ. ಗೊತ್ತಿರೋದನ್ನ ತುಂಬು, ಗೊತ್ತಿಲ್ಲದ್ದಕ್ಕೂ ಒಂದು ತುಂಬು, ಮುಂದೆ ಹೋಗು." ಖಾಲಿ ಓಎಂಆರ್ ಜೆರಾಕ್ಸ್ ಮಾಡಿಸಿ ಮತ್ತೆ ಮತ್ತೆ ತುಂಬಿಸುತ್ತೇನೆ. ಡಿಸೆಂಬರ್ ಹೊತ್ತಿಗೆ ಕೈ ನಡುಗುವುದು ನಿಂತಿರುತ್ತದೆ.

ಅಭ್ಯಾಸ ಪರೀಕ್ಷೆ ಮಾಡುತ್ತೇನೆ, ಆದರೆ ಅಂಕಗಳನ್ನು ಗಟ್ಟಿಯಾಗಿ ಓದುವುದಿಲ್ಲ, ರ‍್ಯಾಂಕ್ ಹಾಕುವುದಿಲ್ಲ. ಪ್ರತಿ ಮಗುವಿಗೂ ಅವನ ಹಾಳೆ ಅವನ ಕೈಗೆ. ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಅಂಕ ಹಾಕಿ ಅಂತ ಕೇಳುತ್ತಾರೆ. ಹಾಕುವುದಿಲ್ಲ. ಬೇಕಾದವರು ಶಾಲೆಗೆ ಬನ್ನಿ, ನಿಮ್ಮ ಮಗುವಿನದ್ದು ಮಾತ್ರ ತೋರಿಸುತ್ತೇನೆ ಅನ್ನುತ್ತೇನೆ.

ಭಾರ ಜಾಸ್ತಿಯಾದರೆ ಮಕ್ಕಳು ಬಾಯಲ್ಲಿ ಹೇಳುವುದಿಲ್ಲ. ಮೈಯಲ್ಲಿ ಕಾಣುತ್ತದೆ. ಬೆಳಿಗ್ಗೆ ಹೊತ್ತು ಹೊಟ್ಟೆನೋವು, ಉಗುರು ಕಡಿಯುವುದು, ಹಾಳೆ ಹರಿಯುವಷ್ಟು ಅಳಿಸಿ ಬರೆಯುವುದು, ಆಟದ ಪೀರಿಯಡ್‌ನಲ್ಲಿ ಗೈಡ್ ಹಿಡಿದು ಮೂಲೆಯಲ್ಲಿ ಕೂರುವುದು. ಇಂಥದ್ದು ಕಂಡರೆ ನಾನು ಆ ಮನೆಗೆ ಹೋಗುತ್ತೇನೆ. ಮಗುವಿಗೆ ಬುದ್ಧಿ ಹೇಳುವುದಕ್ಕಲ್ಲ, ದೊಡ್ಡವರ ಹತ್ತಿರ ಮಾತಾಡುವುದಕ್ಕೆ. ಒಬ್ಬ ತಂದೆ ನೇರವಾಗಿಯೇ ಕೇಳಿದರು: "ಮೇಷ್ಟ್ರೇ, ಇವನು ಸೆಲೆಕ್ಟ್ ಆಗದಿದ್ರೆ ನಾನು ಊರಲ್ಲಿ ಮುಖ ತೋರಿಸೋದು ಹೇಗೆ?" ಅವರು ಎಲ್ಲರ ಹತ್ತಿರವೂ ಮಗ ನವೋದಯಕ್ಕೆ ಹೋಗ್ತಾನೆ ಅಂತ ಹೇಳಿಕೊಂಡು ಬಂದಿದ್ದರು. ಹುಡುಗ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದ. ನಾನು ಅವನನ್ನು ಹೊರಗೆ ಕರೆದು, ಅವರ ಎದುರಿಗೇ ಅಂದೆ: "ಸೀಟು ಸಿಕ್ಕರೂ ಸಿಗದಿದ್ದರೂ ಆರನೇ ಕ್ಲಾಸಿಗೆ ಹೋಗೋದು ನೀನೇ. ಅಪ್ಪನ ಮಾತಿನ ಜವಾಬ್ದಾರಿ ನಿಂದಲ್ಲ." ತಂದೆಗೆ ಬೇಸರವಾಯಿತು. ಒಂದು ವಾರ ನನ್ನ ಹತ್ತಿರ ಮಾತಾಡಲಿಲ್ಲ. ಆದರೆ ಹುಡುಗ ಮಾರನೇ ದಿನದಿಂದ ಮೈದಾನಕ್ಕೆ ಇಳಿದ.

ಕೆಲವರು ನಾಲ್ಕನೇ ತರಗತಿಯಲ್ಲೇ ಮಕ್ಕಳನ್ನು ಬೇರೆ ಊರಿನ ಕೋಚಿಂಗ್ ಹಾಸ್ಟೆಲ್‌ಗೆ ಬಿಡುತ್ತಾರೆ. ನಾನು ಇದನ್ನು ಕಡ್ಡಿ ಮುರಿದ ಹಾಗೆ ಬೇಡ ಅನ್ನುತ್ತೇನೆ. ಒಂಬತ್ತು ವರ್ಷದ ಮಗು ಮನೆ ಬಿಟ್ಟು, ಬೆಳಿಗ್ಗೆಯಿಂದ ರಾತ್ರಿವರೆಗೆ ಒಂದೇ ಪರೀಕ್ಷೆಗೆ ಓದಿ, ಕೊನೆಗೆ ಸೀಟು ಸಿಗದೆ ವಾಪಸ್ ಬಂದರೆ ಅದಕ್ಕೆ ಅನ್ನಿಸುವುದೇನು? ನಿಯಮದ ಪ್ರಕಾರವೂ ಮಗು ಐದನೇ ತರಗತಿಯನ್ನು ಅರ್ಜಿ ಹಾಕುವ ಜಿಲ್ಲೆಯಲ್ಲೇ ಓದುತ್ತಿರಬೇಕು. ಗ್ರಾಮೀಣ ಸೀಟು ಬೇಕಿದ್ದರೆ ಮೂರು, ನಾಲ್ಕು, ಐದನೇ ತರಗತಿಗಳನ್ನು ಹಳ್ಳಿಯ ಶಾಲೆಯಲ್ಲೇ ಪೂರ್ತಿ ಓದಿರಬೇಕು. ಹಳ್ಳಿ ಶಾಲೆಯ ಮಕ್ಕಳಿಗೇ ಅಂತ ಇಟ್ಟ ಸೀಟು ಅದು. ಹಳ್ಳಿ ಶಾಲೆಯಲ್ಲೇ ಅದಕ್ಕೆ ಸಿದ್ಧವಾಗಲು ಆಗಬೇಕು ಅನ್ನುವುದು ನನ್ನ ಹಟ.

ನವೋದಯ ಒಂದನ್ನೇ ನಂಬಿ ಕೂರಬೇಡಿ ಅಂತಲೂ ಹೇಳುತ್ತೇನೆ. ಆರನೇ ತರಗತಿಗೆ ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿವೆ, ಪ್ರವೇಶ ಪರೀಕ್ಷೆ ಇರುತ್ತದೆ. ಆದರ್ಶ ವಿದ್ಯಾಲಯ ಇದೆ, ದಿನಾ ಮನೆಯಿಂದ ಹೋಗಿ ಬರಬಹುದು. ಸೈನಿಕ ಶಾಲೆಗೆ ಬರೆಯುವವರೂ ಇದ್ದಾರೆ. ವಿಜಯಪುರದಲ್ಲೊಂದು, ಕೊಡಗಿನಲ್ಲೊಂದು ಇದೆ. ಆದರೆ ಆ ಪರೀಕ್ಷೆಯ ದಾರಿಯೇ ಬೇರೆ. 300 ಅಂಕದಲ್ಲಿ ಗಣಿತಕ್ಕೇ 150. ಎಲ್ಲ ಪರೀಕ್ಷೆಯನ್ನೂ ಒಂದೇ ಮಗುವಿನ ತಲೆಗೆ ಕಟ್ಟುವುದು ನನಗೆ ಸರಿ ಕಾಣುವುದಿಲ್ಲ. ಎರಡು ಸಾಕು. ಮತ್ತು ಅರ್ಜಿ ಹಾಕುವ ದಿನವೇ ಮನೆಯಲ್ಲಿ ಒಂದು ಮಾತು ಮುಗಿದಿರಬೇಕು: ಯಾವುದೂ ಸಿಗದಿದ್ದರೆ ಆರನೇ ತರಗತಿ ಎಲ್ಲಿ? ಹೆಚ್ಚಿನವರಿಗೆ ಉತ್ತರ ನಮ್ಮ ಶಾಲೆಯೇ. ಆ ಉತ್ತರವನ್ನು ಮಗುವಿಗೂ ಹೇಳಿರಬೇಕು. ಪರೀಕ್ಷೆಯ ಆಚೆಗೆ ಏನೂ ಇಲ್ಲ ಅನ್ನಿಸಿದಾಗಲೇ ಅಲ್ವಾ ಮಕ್ಕಳಿಗೆ ಭಯ ಆಗುವುದು?

ಫಲಿತಾಂಶ ಬಂದ ದಿನ ನಾನು ಮೊದಲು ಹೋಗುವುದು ಸೀಟು ಸಿಗದ ಮಕ್ಕಳ ಮನೆಗೆ. ಸಿಕ್ಕವರ ಮನೆಯಲ್ಲಿ ಆಗಲೇ ಜನ ಸೇರಿರುತ್ತಾರೆ, ಅಲ್ಲಿ ನನ್ನ ಅಗತ್ಯ ಇಲ್ಲ. ಬಸ್ ಸ್ಟಾಪಿನಲ್ಲಿ ಮಗುವಿನ ಫೋಟೋ ಹಾಕಿ ಫ್ಲೆಕ್ಸ್ ಕಟ್ಟುವುದನ್ನು ನಮ್ಮ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಮಾತಾಡಿ ನಿಲ್ಲಿಸಿದ್ದೇವೆ. ಆ ಫ್ಲೆಕ್ಸ್ ಕೆಳಗೆ ದಿನಾ ಬಸ್ಸಿಗೆ ಕಾಯುವುದು ಉಳಿದ ಮಕ್ಕಳು.

ಸೀಟು ಸಿಕ್ಕ ಮಕ್ಕಳಿಗೂ ಸಿದ್ಧತೆ ಬೇಕು. ಇಲ್ಲಿ ಊರಿಗೇ ಫಸ್ಟ್ ಆದವರು ಅಲ್ಲಿ ಹೋದ ತಕ್ಷಣ ಎಂಬತ್ತು ಜನ ಫಸ್ಟ್ ಬಂದವರಲ್ಲಿ ಒಬ್ಬರು. ಮೊದಲ ಪರೀಕ್ಷೆಯಲ್ಲಿ ಹದಿನೈದನೆಯ ಸ್ಥಾನ ಬಂದರೆ ಮಗು ಕುಸಿದು ಹೋಗುತ್ತದೆ, ಮನೆಯವರು ಫೋನಿನಲ್ಲಿ "ಏನಾಯ್ತು ನಿಂಗೆ?" ಅಂತಾರೆ. ಏನೂ ಆಗಿರುವುದಿಲ್ಲ. ಇದನ್ನು ಹೊರಡುವ ಮೊದಲೇ ಇಬ್ಬರಿಗೂ ಹೇಳುತ್ತೇನೆ. ಬಟ್ಟೆ ಒಗೆಯುವುದು, ಹಾಸಿಗೆ ಮಡಚುವುದು, ಜ್ವರ ಬಂದರೆ ಯಾರಿಗೆ ಹೇಳಬೇಕು ಅನ್ನುವುದನ್ನು ಬೇಸಿಗೆ ರಜೆಯಲ್ಲೇ ಕಲಿಸಿ ಅನ್ನುತ್ತೇನೆ. ಮುಂದೆ ಬರುವುದನ್ನೂ ಮುಚ್ಚಿಡುವುದಿಲ್ಲ. ಎಂಟನೇ ತರಗತಿಯ ನಂತರ ಗಣಿತ, ವಿಜ್ಞಾನ ಇಂಗ್ಲಿಷಿನಲ್ಲಿ. ಒಂಬತ್ತನೆಯಲ್ಲಿ ಶೇಕಡಾ 30ರಷ್ಟು ಮಕ್ಕಳನ್ನು ಒಂದು ವರ್ಷಕ್ಕೆ ಬೇರೆ ಭಾಷೆಯ ರಾಜ್ಯದ ನವೋದಯಕ್ಕೆ ಕಳಿಸುವ ಪದ್ಧತಿ ಇದೆ. ನಮ್ಮ ಮಕ್ಕಳಾದರೆ ಹಿಂದಿ ಸೀಮೆಗೆ. ಕೆಲವು ತಾಯಂದಿರು ಇದನ್ನು ಕೇಳಿ ಗಾಬರಿಯಾಗುತ್ತಾರೆ. ಗಾಬರಿ ಈಗಲೇ ಆಗಲಿ, ಆಮೇಲೆ ಬೇಡ.

ಒಂದು ವರ್ಷ ನಮ್ಮ ಶಾಲೆಯ ಹುಡುಗಿಯೊಬ್ಬಳಿಗೆ ಸೀಟು ಸಿಕ್ಕಿತು. ಅವಳಿಗೆ ಹೋಗುವ ಮನಸ್ಸಿರಲಿಲ್ಲ. ಮನೆಯಲ್ಲಿ ಇಬ್ಬರೇ, ಅವಳು ಮತ್ತು ತಾಯಿ. ತಾಯಿ ಕೂಲಿಗೆ ಹೋಗುವವರು, ಮಗಳು ದೂರ ಹೋದರೂ ಚೆನ್ನಾಗಿ ಓದಲಿ ಅನ್ನುವ ಆಸೆ. "ಉಚಿತ ಊಟ, ವಸತಿ, ಪುಸ್ತಕ. ಇಂಥದ್ದನ್ನ ಬಿಡೋದಾ ಮೇಷ್ಟ್ರೇ?" ಅಂದರು. ಆ ಪ್ರಶ್ನೆ ನ್ಯಾಯವಾದದ್ದೇ. ನಾನು ಇಬ್ಬರನ್ನೂ ಕರೆದುಕೊಂಡು ಗಾಜನೂರಿಗೆ ಹೋದೆ. ಹುಡುಗಿ ಹಾಸ್ಟೆಲ್ ಕಟ್ಟಡ, ಮೈದಾನ ಎಲ್ಲ ನೋಡಿದಳು. ಬರುವಾಗ ಬಸ್ಸಿನಲ್ಲಿ, "ಸಾರ್, ಚೆನ್ನಾಗಿದೆ. ಆದ್ರೆ ನಂಗೆ ಈಗ ಬೇಡ" ಅಂದಳು. ಊರಿನಲ್ಲಿ ನನ್ನನ್ನು ಬೈದವರಿದ್ದಾರೆ, ಸಿಕ್ಕ ಸೀಟನ್ನು ಬಿಡಿಸಿದ ಮೇಷ್ಟ್ರು ಅಂತ. ನಾನು ಬಿಡಿಸಲಿಲ್ಲ, ಒತ್ತಾಯವನ್ನೂ ಮಾಡಲಿಲ್ಲ. ನೋಡಿ, ಯೋಚಿಸಿ ಹೇಳಿದ ಮಗುವಿನ ಮಾತಿಗೆ ಬೆಲೆ ಕೊಡಬೇಕು ಅಂತ ಈಗಲೂ ನಂಬಿದ್ದೇನೆ.

ಅವಳು ನಮ್ಮ ಶಾಲೆಯಲ್ಲೇ ಮುಂದುವರಿದಳು, ಈಗ ಎಂಟನೇ ತರಗತಿ. ಎನ್‌ಎಂಎಂಎಸ್ ಅನ್ನುವ ವಿದ್ಯಾರ್ಥಿವೇತನದ ಪರೀಕ್ಷೆಗೆ ಓದುತ್ತಿದ್ದಾಳೆ. ಅದು ಸಿಕ್ಕರೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ. ಅದರಲ್ಲೂ ಮಾನಸಿಕ ಸಾಮರ್ಥ್ಯದ ಪತ್ರಿಕೆ ಇದೆ, ಐದನೆಯಲ್ಲಿ ಕಲಿತದ್ದು ಕೈಬಿಟ್ಟು ಹೋಗಿಲ್ಲ. ಒಂಬತ್ತನೇ ತರಗತಿಗೆ ನವೋದಯದಲ್ಲಿ ಖಾಲಿ ಉಳಿದ ಸೀಟುಗಳಿಗೆ ಬೇರೆ ಪ್ರವೇಶ ಪರೀಕ್ಷೆ ಇದೆ. ಹಿಂದಿ ಪ್ರಶ್ನೆಗಳೂ ಬರುತ್ತವೆ, ಹಾಗಾಗಿ ಹಿಂದಿ ಶಿಕ್ಷಕರ ಹತ್ತಿರ ಹೆಚ್ಚಿಗೆ ಹೇಳಿಸಿಕೊಳ್ಳುತ್ತಿದ್ದಾಳೆ. ಅರ್ಜಿ ಹಾಕೋಣ ಅಂತ ಈ ಸಲ ಕೇಳಿದ್ದು ಅವಳೇ.