‘ಎಲ್ಲಾ ಸೇರಿ’ ಅಂದರೆ ಏನೇನು ಸೇರಿ? ರೆಸಾರ್ಟ್ ಪ್ಯಾಕೇಜ್ ಹೋಲಿಸಲು ನನ್ನ ಲೆಕ್ಕ

ಹೋದ ವರ್ಷ ಕೊಡಗಿನ ಒಂದು ರೆಸಾರ್ಟಿಗೆ ‘ಎಲ್ಲಾ ಸೇರಿ’ ಪ್ಯಾಕೇಜಿನಲ್ಲಿ ಹೋಗಿದ್ದೆವು. ದಾರಿಯಲ್ಲಿ ಟ್ರಾಫಿಕ್ಕಿಗೆ ಸಿಕ್ಕಿ ತಲುಪಿದಾಗ ಮೂರೂಮುಕ್ಕಾಲು. ಬಫೆ ಮೂರಕ್ಕೇ ಮುಚ್ಚಿತ್ತು. ಈರುಳ್ಳಿ ಬೆಳ್ಳುಳ್ಳಿ ತಿನ್ನದ ನಮ್ಮ ಅತ್ತೆಗೆ ಬೇರೆ ಮಾಡಿಸಿದ ಮೊಸರನ್ನಕ್ಕೆ 220 ರೂಪಾಯಿ. ಕ್ಯಾಂಪ್‌ಫೈರ್ ಫ್ರೀ, ಸೌದೆಗೆ ಮಾತ್ರ 800! ಹೊರಡುವಾಗ ಬಿಲ್ ನೋಡಿ ನಮ್ಮನೆಯವರು ಏನೂ ಹೇಳಲಿಲ್ಲ, ಸುಮ್ನೆ ನನ್ನ ಮುಖ ನೋಡಿದರು. ಬುಕ್ ಮಾಡಿದ್ದು ನಾನೇ ಅಲ್ವಾ.

ಆಮೇಲೆ ನೋಟ್‌ಬುಕ್ ಹಿಡಿದೆ. ಈಗ ಯಾವ ಪ್ಯಾಕೇಜ್ ಬಂದರೂ ಮೊದಲು ಕೇಳಿಕೊಳ್ಳುವುದು ಒಂದೇ: ಆ ರೆಸಾರ್ಟಿನ ಗೇಟಿನಾಚೆ ಏನಿದೆ?

ಮಡಿಕೇರಿ ಊರೊಳಗೆ ಉಳಿದುಕೊಂಡರೆ ಗೇಟಿನಾಚೆ ಹೋಟೆಲುಗಳು ಬೇಕಾದಷ್ಟಿವೆ. ಹಗಲೆಲ್ಲ ತಲಕಾವೇರಿ, ದುಬಾರೆ ಅಂತ ಸುತ್ತುತ್ತಿರುತ್ತೀರಿ. ಮಧ್ಯಾಹ್ನದ ಊಟಕ್ಕೆ ರೆಸಾರ್ಟಿಗೆ ಯಾರು ವಾಪಸ್ ಬರುತ್ತಾರೆ? ಅಲ್ಲಿ ತಿಂಡಿ ಮಾತ್ರ ಸೇರಿರುವ ಪ್ಲಾನ್ ಸಾಕು. ಕಬಿನಿ ಕಡೆ ಹಾಗಲ್ಲ. ಬೆಳಗಿನ ಜಾವ ಒಂದು ಸಫಾರಿ, ಮಧ್ಯಾಹ್ನದ ಮೇಲೆ ಇನ್ನೊಂದು. ನಡುವೆ ಊಟ ಹುಡುಕಿಕೊಂಡು ಹೋಗುವ ಪುರಸೊತ್ತಿಲ್ಲ, ಹತ್ತಿರದಲ್ಲಿ ಆಯ್ಕೆಯೂ ಕಮ್ಮಿ. ಅಲ್ಲಿ ಮೂರು ಹೊತ್ತಿನ ಪ್ಯಾಕೇಜೇ ಸರಿ. ನಮ್ಮ ಸರ್ಕಾರದ ಜಂಗಲ್ ಲಾಡ್ಜಸ್‌ನವರು ಕಬಿನಿಯಲ್ಲಿ ವಾಸ, ಊಟ, ಸಫಾರಿ ಎಲ್ಲಾ ಸೇರಿಸಿ ತಲೆಗಿಷ್ಟು ಅಂತ ರೇಟು ಹಾಕುತ್ತಾರೆ. ಅದನ್ನು ಬರೀ ರೂಮಿನ ರೇಟಿನ ಪಕ್ಕ ಇಟ್ಟು ‘ಅಬ್ಬಾ, ಜಾಸ್ತಿ’ ಅಂದರೆ ಲೆಕ್ಕ ತಪ್ಪುತ್ತದೆ.

ರೇಟಿನ ಪಕ್ಕ ಬರೆಯುವ ಇಂಗ್ಲಿಷ್ ಅಕ್ಷರಗಳಿಗೆ ಹೆದರಬೇಡಿ. ಇಪಿ ಅಂದರೆ ಬರೀ ರೂಮು. ಸಿಪಿಯಲ್ಲಿ ತಿಂಡಿ ಸೇರಿರುತ್ತದೆ. ಎಂಎಪಿಯಲ್ಲಿ ತಿಂಡಿ ಜೊತೆ ಒಂದು ಹೊತ್ತಿನ ಊಟ, ಎಪಿಯಲ್ಲಿ ಮೂರೂ ಹೊತ್ತು. ಸಂಜೆಯ ಕಾಫಿ, ಬಾಟಲಿ ನೀರು ಇದರಲ್ಲಿ ಬರುತ್ತವೆ ಅಂತ ನೀವೇ ಅಂದುಕೊಳ್ಳಬೇಡಿ. ಕೇಳಿ.

‘2 ರಾತ್ರಿ 3 ದಿನ’ ಅನ್ನುವುದನ್ನೂ ಎಣಿಸಿ ನೋಡಿ. ಮಧ್ಯಾಹ್ನ 2ಕ್ಕೆ ಚೆಕ್‌ಇನ್, ಮೂರನೇ ದಿನ ಬೆಳಿಗ್ಗೆ 11ಕ್ಕೆ ಚೆಕ್‌ಔಟ್ ಆದರೆ ಸಿಗುವುದು 45 ಗಂಟೆ. ಎರಡು ದಿನವೂ ಪೂರ್ತಿ ಇಲ್ಲ.

ಈಗ ಈ ಸಲದ ನನ್ನ ನೋಟ್‌ಬುಕ್. ನಾವು ಐದು ಜನ: ನಾವಿಬ್ಬರು, ಅತ್ತೆ, 11 ವರ್ಷದ ಮಗಳು, 6 ವರ್ಷದ ಮಗ. ಮಡಿಕೇರಿಯ ಮೊದಲನೇ ಜಾಗದಲ್ಲಿ ತಿಂಡಿ, ಎಕ್ಸ್‌ಟ್ರಾ ಬೆಡ್, ತೆರಿಗೆ ಎಲ್ಲಾ ಸೇರಿ ಎರಡು ರಾತ್ರಿಗೆ 17,200. ಹೊರಗೆ ತಿನ್ನಬೇಕಾದ ಊಟ ಮೂರು. ಒಂದಕ್ಕೆ 1,600 ಅಂತ ಹಿಡಿದರೆ 4,800. ಒಟ್ಟು 22,000. ಎರಡನೇ ಜಾಗದಲ್ಲಿ ಊಟವೂ ಸೇರಿ ದೊಡ್ಡವರಿಗೆ ರಾತ್ರಿಗೆ 4,500, ಮಕ್ಕಳಿಗೆ ಅರ್ಧ. ಒಂದು ರಾತ್ರಿಗೆ 18,000, ಎರಡಕ್ಕೆ 36,000. ವ್ಯತ್ಯಾಸ 14,000. ಆ ದುಡ್ಡಿಗೆ ಜಾಸ್ತಿ ಸಿಗುವುದೇನು? ತೋಟದ ನಡಿಗೆ, ಈಜುಕೊಳ, ಡಿಜೆ. ಅತ್ತೆಗೆ ಡಿಜೆ ಬೇಡ, ನನಗೂ ಬೇಡ. ಮೊದಲನೆಯದನ್ನೇ ಹಿಡಿದೆವು. ನಿಮ್ಮ ಮಕ್ಕಳು ನೀರಿನಿಂದ ಏಳುವವರೇ ಅಲ್ಲ ಅಂದರೆ ಎರಡನೆಯದು ನಿಮಗೆ ಸರಿಹೋಗಬಹುದು.

ಮಕ್ಕಳ ರೇಟು ಎಷ್ಟನೇ ವರ್ಷಕ್ಕೆ ಶುರುವಾಗುತ್ತದೆ ಅನ್ನುವುದು ಒಂದೊಂದು ಕಡೆ ಒಂದೊಂದು ಥರ. ಮಗುವಿನ ವಯಸ್ಸು ಮೊದಲೇ ಹೇಳಿ ರೇಟು ತೆಗೆದುಕೊಳ್ಳಿ.

ತೆರಿಗೆಯ ಜಾಗದಲ್ಲಿ ನಾನು ಒಮ್ಮೆ ಎಡವಿದ್ದೇನೆ. 2025ರ ಸೆಪ್ಟೆಂಬರ್ 22ರಿಂದ ರೂಮಿಗೆ ದಿನಕ್ಕೆ 7,500 ರೂಪಾಯಿವರೆಗೆ ಜಿಎಸ್‌ಟಿ 5%, ದಾಟಿದರೆ 18%. ಅಂದರೆ 7,500ರ ರೂಮಿಗೆ ಕೊಡುವುದು 7,875, 7,600ರ ರೂಮಿಗೆ 8,968. ನೂರು ರೂಪಾಯಿ ಜಾಸ್ತಿ ಅಂದುಕೊಂಡು ಸಾವಿರದ ಚಿಲ್ಲರೆ ಕಳೆದುಕೊಳ್ಳುತ್ತೀರಿ. ‘ಟ್ಯಾಕ್ಸ್ ಎಕ್ಸ್‌ಟ್ರಾ’ ಅಂದವರ ಹತ್ತಿರ ಕೊನೆಯ ಮೊತ್ತ ಹೇಳಿಸಿ. ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ತಾವಾಗಿಯೇ ಸೇರಿಸಿದ್ದರೆ ತೆಗೆಯಿರಿ ಅನ್ನಬಹುದು. ಹಾಗೆ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ. ಕೇಳದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ.

ಸಫಾರಿ ಇರುವ ಪ್ಯಾಕೇಜಾದರೆ ಇನ್ನೊಂದು ಮಾತು. 2025ರ ನವೆಂಬರ್‌ನಲ್ಲಿ ಹುಲಿ ದಾಳಿಗಳಾದ ಮೇಲೆ ನಾಗರಹೊಳೆ, ಬಂಡೀಪುರದ ಸಫಾರಿಯನ್ನೇ ನಿಲ್ಲಿಸಿದರು. ರೂಮು ಇತ್ತು, ಊಟ ಇತ್ತು, ಜೀಪು ಮಾತ್ರ ಇರಲಿಲ್ಲ. ಅಂಥ ಹೊತ್ತಿನಲ್ಲಿ ಎಷ್ಟು ದುಡ್ಡು ವಾಪಸ್ ಕೊಡುತ್ತೀರಿ ಅಂತ ಅಡ್ವಾನ್ಸ್ ಹಾಕುವ ಮುಂಚೆ ಕೇಳಿ. ಫೋನಿನಲ್ಲಿ ‘ಆಯ್ತು ಮೇಡಂ, ನೋಡೋಣ’ ಅಂದರೆ ಸಾಲದು. ನಾನು ವಾಟ್ಸಾಪಿನಲ್ಲಿ ಹೀಗೆ ಕಳಿಸುತ್ತೇನೆ: ‘ದೊಡ್ಡವರು 3, ಮಕ್ಕಳು 11 ಮತ್ತು 6 ವರ್ಷ. ತಲುಪುವುದು 3 ಗಂಟೆ. ಮಧ್ಯಾಹ್ನದ ಊಟ ಎಷ್ಟರವರೆಗೆ? ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಅಡುಗೆ ಸೇರಿದೆಯಾ? ಸಫಾರಿ ನಿಂತರೆ ವಾಪಸ್ ಎಷ್ಟು? ತೆರಿಗೆ ಸೇರಿ ಕೊನೆಯ ಮೊತ್ತ ಎಷ್ಟು?’ ಐದು ಕಡೆ ಕಳಿಸಿದರೆ ಪೂರ್ತಿ ಉತ್ತರ ಕೊಡುವವರು ಇಬ್ಬರೋ ಮೂವರೋ. ನಾನು ಹೋಲಿಸುವುದು ಅವರನ್ನು ಮಾತ್ರ.