ಬೋರ್ಡ್ ಹೋಗಿಲ್ಲ ಅಂದಿದ್ದೆ, ಹೋಗಿರಲಿಲ್ಲ

ಕಂಪ್ಯೂಟರಿನ ಪ್ರೊಸೆಸರ್ ಬದಲಿಸಿದ ಮೇಲೆ ಡಿಸ್‌ಪ್ಲೇ ಬರದಿದ್ದರೆ ನಮ್ಮ ರಿಪೇರಿ ಲೈನಿನಲ್ಲಿ ಅರ್ಧ ಜನ ಮೊದಲು ಹೇಳುವ ಮಾತು, "ಬೋರ್ಡ್ ಹೋಗಿದೆ ಅಣ್ಣ". ತುಮಕೂರಿನ ಫೋಟೋ ಸ್ಟುಡಿಯೋದವರೊಬ್ಬರಿಗೂ ಎರಡು ಅಂಗಡಿಯಲ್ಲಿ ಹೀಗೇ ಹೇಳಿದ್ದರು. ಹೊಸ ಮದರ್‌ಬೋರ್ಡಿಗೆ ಎಂಟು ಸಾವಿರದ ಹತ್ತಿರ, ವಿಂಡೋಸ್ ಹಾಕಲು ಬೇರೆ ದುಡ್ಡು. ಬೋರ್ಡ್ ಚೆನ್ನಾಗಿದೆ ಎಂದ ನನ್ನನ್ನು ಯಾರೂ ನಂಬಲಿಲ್ಲ.

2019ರಲ್ಲಿ ಕೊಂಡ ಬಿ450 ಬೋರ್ಡ್, ಅದರಲ್ಲಿ ರೈಜೆನ್ 3 2200ಜಿ ಪ್ರೊಸೆಸರ್. ಎಡಿಟಿಂಗ್ ನಿಧಾನ ಅಂತ ಒಂದೇ ದಿನ ರೈಜೆನ್ 5 5600, ಇನ್ನೆರಡು ರ‍್ಯಾಮ್, ಒಂದು ಎನ್‌ವಿಎಂಇ (ಬೋರ್ಡಿಗೇ ಸಿಕ್ಕಿಸುವ ಎಸ್‌ಎಸ್‌ಡಿ) ಎಲ್ಲಾ ಹಾಕಿಸಿದ್ದರು. ಹಳೇ ಪ್ರೊಸೆಸರ್ ಎಕ್ಸ್‌ಚೇಂಜಿಗೆ ಕೊಟ್ಟಾಗಿತ್ತು. ಕಷ್ಟ ಆದದ್ದು ಅಲ್ಲೇ.

ಬೋರ್ಡನ್ನು ಹೊರಗೆ ತೆಗೆದು ರಟ್ಟಿನ ಮೇಲಿಟ್ಟೆ. ಎನ್‌ವಿಎಂಇ, ಸಾಟಾ ಡಿಸ್ಕಿನ ಕೇಬಲ್, ಮುಂದಿನ ಯುಎಸ್‌ಬಿ ಎಲ್ಲಾ ಬಿಚ್ಚಿದೆ. ಪ್ರೊಸೆಸರಿನಿಂದ ಎರಡನೇ ಸ್ಲಾಟಿನಲ್ಲಿ ಒಂದೇ ರ‍್ಯಾಮ್. ಸೀಮಾಸ್ ಕ್ಲಿಯರ್, ಅಂದರೆ ಬೋರ್ಡಿನ ಸೆಟ್ಟಿಂಗ್ ಎಲ್ಲಾ ಅಳಿಸಿದೆ. ಫ್ಯಾನ್ ತಿರುಗಿತು, ಪ್ರೊಸೆಸರಿನ ತೊಂದರೆ ತೋರಿಸುವ ಸಿಪಿಯು ಎಲ್‌ಇಡಿ ಹತ್ತಿ ಅಲ್ಲೇ ನಿಂತಿತು. ರ‍್ಯಾಮ್ ಬದಲಿಸಿದರೂ ಅದೇ, ಕರೆಂಟ್ ಕೊಡುವ ಎಸ್‌ಎಂಪಿಎಸ್ ಬದಲಿಸಿದರೂ ಅದೇ.

5600 ಬಂದದ್ದು 2022ರ ಏಪ್ರಿಲ್‌ನಲ್ಲಿ. ಬೋರ್ಡಿನಲ್ಲಿದ್ದದ್ದು 2019ರ ಬಯೋಸ್, ಅಂದರೆ ಕಂಪ್ಯೂಟರನ್ನು ಮೊದಲು ಎಬ್ಬಿಸುವ ಪ್ರೋಗ್ರಾಂ. ಬಾಗಿಲಲ್ಲಿ ನಿಂತವರು ಯಾರು ಅಂತಲೇ ಅದಕ್ಕೆ ಗೊತ್ತಿಲ್ಲ, ಇನ್ನು ಚಿಲಕ ತೆಗೆಯುವುದು ಎಲ್ಲಿ? ಪ್ರೊಸೆಸರ್ ಇಲ್ಲದೆ ಬಯೋಸ್ ಹಾಕುವ ಫ್ಲ್ಯಾಶ್‌ಬ್ಯಾಕ್ ಬಟನ್ ಈ ಬೋರ್ಡಿಗಿಲ್ಲ.

ಮೊದಲು ಬಯೋಸ್ ಚಿಪ್ಪಿಗೆ ನೇರವಾಗಿ ಬರೆಯುವ ಸಿಎಚ್341ಎ ಪ್ರೋಗ್ರಾಮರ್ ಹಿಡಿದು ಕೂತೆ. ಚಿಪ್ 1.8 ವೋಲ್ಟಿನದು, ಅಡಾಪ್ಟರ್ ಬೇಕಾಯಿತು. ಅದಕ್ಕೊಂದು ಇನ್ನೂರು ಮುನ್ನೂರು ಹೋಯಿತು. ಕ್ಲಿಪ್ ಸರಿಯಾಗಿ ಕಚ್ಚಿಕೊಳ್ಳಲಿಲ್ಲ, ಓದಿದಾಗಲೆಲ್ಲ ಬೇರೆ ಬೇರೆ ಫೈಲ್. ಎರಡು ಸಲ ಓದಿದ್ದು ಒಂದೇ ಥರ ಬರದಿದ್ದರೆ ಬರೆಯುವ ಧೈರ್ಯ ಮಾಡಬಾರದು. ಒಂದು ಸಂಜೆ ಹಾಳು, ಬಿಟ್ಟೆ.

ಕೊನೆಗೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹಳೇ ಬಯೋಸಿಗೂ ಗೊತ್ತಿರುವ ಒಂದು ಹಳೇ ಅಥ್ಲಾನ್ 200ಜಿಇ ಪ್ರೊಸೆಸರ್ ಹುಡುಕಿದೆ. ಪಿನ್ ಬಗ್ಗಿದೆ ಅಂತ ಚೌಕಾಸಿ ಮಾಡಿ ಸಾವಿರದ ಐನೂರರ ಆಸುಪಾಸಿಗೆ ತಂದೆ. ಪಿನ್ ನೆಟ್ಟಗೆ ಮಾಡಲು ಕೆಲವರು ಬ್ಲೇಡ್ ಬಳಸುತ್ತಾರೆ, ಕೆಲವರು ಲೆಡ್ ಪೆನ್ಸಿಲ್ ತುದಿ. ನನ್ನ ದಾರಿ ಬೇರೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನನ್ನ ಪೆಟ್ರೋಲ್ ಖರ್ಚು ಹುಟ್ಟುವುದೇ ಅದರಲ್ಲಿ.

ಅಥ್ಲಾನ್ ಕೂರಿಸಿದ ಕೂಡಲೇ ಡಿಸ್‌ಪ್ಲೇ ಬಂತು! ಹೊಸ ಬಯೋಸ್ ಹಾಕಲು ಫ್ಯಾಟ್32 ಫಾರ್ಮ್ಯಾಟ್ ಮಾಡಿದ ಹಳೇ ಪೆನ್‌ಡ್ರೈವ್, ಪಕ್ಕದಲ್ಲಿ ಯುಪಿಎಸ್. ಕೊನೇ ವರ್ಷನ್ನಿಗೆ ಒಂದೇ ಸಲ ಹಾರಲಿಲ್ಲ, ನಡುವೆ ಹಾಕಬೇಕು ಅಂತ ಬೋರ್ಡ್ ಕಂಪನಿ ಹೇಳಿದ್ದ ವರ್ಷನ್ ಮೊದಲು ಹಾಕಿದೆ. ಆಮೇಲೆ 5600 ಇಟ್ಟೆ. ಸಿಪಿಯು ಎಲ್‌ಇಡಿ ಆರಿತು, ಗ್ರಾಫಿಕ್ಸ್ ತೊಂದರೆ ತೋರಿಸುವ ವಿಜಿಎ ಎಲ್‌ಇಡಿ ಹತ್ತಿತು.

ಇಲ್ಲೇ ನನಗೆ ನಗು ಬಂದದ್ದು. ಹಳೇ 2200ಜಿ, ಅಥ್ಲಾನ್ ಎರಡರೊಳಗೂ ಮಾನಿಟರಿಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಇತ್ತು, 5600ರಲ್ಲಿ ಇಲ್ಲ, ಅಲ್ವಾ? ಕಾರ್ಡೇ ಇಲ್ಲದೆ ಎಚ್‌ಡಿಎಂಐ ಕೇಬಲನ್ನು ಬೋರ್ಡಿಗೆ ಸಿಕ್ಕಿಸಿ ಬೋರ್ಡ್ ಹೋಗಿದೆ ಅಂದಿದ್ದರು. ಎಂಟು ಸಾವಿರ ಕೊಟ್ಟು ಹೊಸ ಬೋರ್ಡ್ ಹಾಕಿದ್ದರೂ ಮಾನಿಟರ್ ಕಪ್ಪಾಗಿಯೇ ಇರುತ್ತಿತ್ತು.

ಸೆಕೆಂಡ್‌ಹ್ಯಾಂಡ್ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್ ಆರು ಸಾವಿರ ಚಿಲ್ಲರೆಗೆ ಸಿಕ್ಕಿತು. ಹಾಕಿದೆ, ಎಫ್‌ಟಿಪಿಎಂ (ಪ್ರೊಸೆಸರಿನೊಳಗೆ ಕೀ ಇಡುವ ತಿಜೋರಿ) ರೀಸೆಟ್ ಮಾಡಲೇ ಅಂತ ಕೇಳಿತು. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದೆಯಾ ಅಂತ ಓನರಿಗೆ ಫೋನ್ ಮಾಡಿ ಕೇಳಿಕೊಂಡ ಮೇಲೇ ವೈ ಒತ್ತಿದೆ. ಇದ್ದು, ರಿಕವರಿ ಕೀ ಇಲ್ಲದಿದ್ದರೆ ಮದುವೆ ಆಲ್ಬಮ್‌ಗಳ ಕಥೆ ಮುಗಿಯಿತು.

ಇಷ್ಟಾದರೂ ವಿಂಡೋಸ್ ಇಲ್ಲ, ಪ್ರತಿ ಸಲ ಬಯೋಸಿಗೇ ಹೋಗುತ್ತಿತ್ತು. ಅಪ್‌ಡೇಟಿನಲ್ಲಿ ಹಳೇ ಥರದ ಡಿಸ್ಕಿನಿಂದ ಬೂಟ್ ಮಾಡಿಸುವ ಸಿಎಸ್‌ಎಂ ಆಫ್ ಆಗಿತ್ತು, ಇವರ ಡಿಸ್ಕ್ ಎಂಬಿಆರ್ ಎಂಬ ಆ ಹಳೇ ಥರದ್ದೇ. ಸಿಎಸ್‌ಎಂ ಆನ್ ಮಾಡಿದೆ, ಬೂಟ್ ಆಯಿತು. ಬ್ಯಾಕಪ್ ತೆಗೆದು, ಡಿಸ್ಕನ್ನು ಹೊಸ ಥರಕ್ಕೆ ಬದಲಿಸುವ ಎಂಬಿಆರ್‌2ಜಿಪಿಟಿ ಓಡಿಸಿ ಮತ್ತೆ ಆಫ್ ಮಾಡಿದೆ. ಎನ್‌ವಿಎಂಇ ಸಿಕ್ಕಿಸಿದ ಮೇಲೆ ಫೋಟೋ ಇದ್ದ ಡಿಸ್ಕ್ ಮಾಯ. ಈ ಬೋರ್ಡಿನಲ್ಲಿ ಆ ಸ್ಲಾಟ್ ತುಂಬಿದರೆ ಎರಡು ಸಾಟಾ ಪೋರ್ಟ್ ಬಂದ್. ಕೇಬಲ್ ಜಾಗ ಬದಲಿಸಿದೆ, ಬಂತು.

ಕೈ ಸುಮ್ನೆ ಇರಬೇಕಲ್ಲ, ರ‍್ಯಾಮನ್ನು 3600ರ ವೇಗಕ್ಕೆ ಏರಿಸಿ ನೋಡಿದೆ. ಎರಡು ಸ್ಟಿಕ್ ಇದ್ದಾಗ ರಾತ್ರಿಯಿಡೀ ನಿಂತಿತು. ನಾಲ್ಕೂ ಹಾಕಿದರೆ ರೀಸ್ಟಾರ್ಟ್ ಮೇಲೆ ರೀಸ್ಟಾರ್ಟ್. ಬೇರೆ ಬೇರೆ ಕಂಪನಿಯ ಜೋಡಿಗಳು, 2933ರಲ್ಲಿ ಬಿಟ್ಟೆ. ಎಡಿಟಿಂಗಿಗೆ ವೇಗಕ್ಕಿಂತ 32 ಜಿಬಿ ಮುಖ್ಯ.

ಕಾರ್ಡ್ ಸೇರಿ ಅವರಿಗೆ ಏಳೂವರೆ ಸಾವಿರ ಆಗಿರಬಹುದು. ಅಥ್ಲಾನ್ ನನ್ನ ಹತ್ತಿರವೇ ಇದೆ, ನನ್ನ ದುಡ್ಡಿನದು. ಬೋರ್ಡ್ ಹೋಗಿದೆ ಎಂದಿದ್ದ ಅಂಗಡಿಯೊಂದರ ಹುಡುಗ ಮೊನ್ನೆ ಫೋನ್ ಮಾಡಿ, "ಅಣ್ಣ, ಆ ಅಥ್ಲಾನ್ ಒಂದೆರಡು ದಿನ ಸಿಗುತ್ತಾ?" ಅಂದ. ದಿನಕ್ಕೆ ಇನ್ನೂರು ಹೇಳಿದ್ದೇನೆ.