ಎಂಜಿನ್ ಕೆಲಸ ಆದಮೇಲೆ ಕಾರು ಸ್ಟಾರ್ಟ್ ಆಗ್ತಿಲ್ವಾ?
ಪುಣೆಯ ಗೆಳೆಯರೇ, ರಿಪೇರಿ ಆದಮೇಲೆ ಕಾರು ಸ್ಟಾರ್ಟ್ ಆಗದಿದ್ದರೆ ಸುಮ್ನೆ ಕೀ ತಿರುಗಿಸುತ್ತಲೇ ಇರಬೇಡಿ. ಒಂದು ಸಲಕ್ಕೆ 10 ಸೆಕೆಂಡಿಗಿಂತ ಜಾಸ್ತಿ ಬೇಡ, ಸ್ಟಾರ್ಟರ್ ಬಿಸಿಯಾಗುತ್ತದೆ. ಮೊದಲು ಬ್ಯಾಟರಿ ನೋಡಿ, 12.6 ವೋಲ್ಟ್ ಹತ್ತಿರ ಇರಬೇಕು. ಅದು ಸರಿ ಇದ್ದೂ ಬರೀ ಟಕ್ ಟಕ್ ಅಂದರೆ ಎಂಜಿನ್ನಿಗೂ ಚಾಸಿಗೂ (ಕಾರಿನ ಲೋಹದ ಚೌಕಟ್ಟು) ನಡುವಿನ ಅರ್ಥ್ ವೈರ್ ಹಿಡಿದು ಅಲುಗಾಡಿಸಿ ನೋಡಿ. ಕಳೆದ ಮಳೆಗಾಲದಲ್ಲಿ ಕೋಥ್ರೂಡ್‌ನಲ್ಲಿ ನನ್ನ ಕಾರು ಎರಡು ದಿನ ನಿಂತಿದ್ದು ಇದರಿಂದಲೇ, ಹೆಡ್ ಗ್ಯಾಸ್ಕೆಟ್ (ಎಂಜಿನ್ ಹೆಡ್ಡಿನ ಕೆಳಗಿನ ಸೀಲ್) ಹಾಕಿದವರು ಆ ವೈರಿನ ಬೋಲ್ಟ್ ಬಿಗಿ ಮಾಡಿರಲಿಲ್ಲ, ನಾನು ಹೊಸ ಬ್ಯಾಟರಿಗೆ ದುಡ್ಡು ಕೊಡುವುದರಲ್ಲಿದ್ದೆ. ಎಂಜಿನ್ ಚೆನ್ನಾಗಿ ತಿರುಗಿಯೂ ಹತ್ತಿಕೊಳ್ಳುತ್ತಿಲ್ಲ ಅಂದರೆ ಎಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್‌ನ ಕನೆಕ್ಟರ್ ಸರಿಯಾಗಿ ಕೂತಿದೆಯಾ ನೋಡಿ. ಟೈಮಿಂಗ್ ಬೆಲ್ಟ್ ಬಿಚ್ಚಿದ್ದರೆ ಮಾತ್ರ ಮತ್ತೆ ಸ್ಟಾರ್ಟ್ ಮಾಡಲೇಬೇಡಿ, ಬೆಲ್ಟ್ ಕೂರಿಸುವ ಗುರುತು ತಪ್ಪಿದ್ದರೆ ಎಂಜಿನ್ನಿನೊಳಗಿನ ವಾಲ್ವ್ ಬಾಗಬಹುದು. ಕೆಲಸ ಮಾಡಿದ ಮೆಕ್ಯಾನಿಕ್‌ನನ್ನೇ ಕರೆಸಿ.